ಮಾಲೆಗೆ ಮೊದಲು ಕಲ್ಸೂಬಾಯಿ ಕಲಿಸಿದ ಪಾಠ

ಮಾಲೆ ಹಾಕುವ ಮೊದಲು ಕಾಲಿಗೆ ಅಭ್ಯಾಸ ಆಗಲಿ ಎಂದು ಪುಣೆಯಿಂದ ನಾವು ಐದು ಜನ ಕಲ್ಸೂಬಾಯಿ ಹತ್ತಿದೆವು. 1,646 ಮೀಟರ್, ಮಹಾರಾಷ್ಟ್ರದ ಅತಿ ಎತ್ತರದ ಶಿಖರ. ಬಾರಿ ಹಳ್ಳಿಯಿಂದ ದಾರಿ. ಕಡಿದಾದ ಕಡೆ ಕಬ್ಬಿಣದ ಏಣಿಗಳು, ತುದಿಯಲ್ಲಿ ದೇವಿಯ ಪುಟ್ಟ ಗುಡಿ.

ಇಳಿಯುವಾಗ ನನಗೆ ಅವಸರ, ರಾತ್ರಿ ಶಿಫ್ಟ್ ಇತ್ತು. ಏಣಿಯ ಹತ್ತಿರ ಸಾಲು ನಿಂತಿದ್ದನ್ನು ನೋಡಿ ದಾರಿ ಬಿಟ್ಟು ಅಡ್ಡ ಇಳಿದೆ. ಕಾಲಡಿಯ ಕಲ್ಲು ಉರುಳಿತು. ಕೆಳಗೆ ಒಬ್ಬ ಅಜ್ಜಿ ಮೊಮ್ಮಗನ ಕೈ ಹಿಡಿದು ಹತ್ತುತ್ತಿದ್ದರು. ನನಗೆ ಬಾಯಿಯೇ ಬರಲಿಲ್ಲ. ನಮ್ಮ ಗುರುಸ್ವಾಮಿ "ದಗಡ್! ದಗಡ್!" ಎಂದು ಮರಾಠಿಯಲ್ಲಿ ಕೂಗಿದರು. ಅಜ್ಜಿ ಮಗುವನ್ನು ಪಕ್ಕಕ್ಕೆ ಎಳೆದುಕೊಂಡರು, ಕಲ್ಲು ಮೊಳ ದೂರದಲ್ಲಿ ಹಾದುಹೋಯಿತು.

ಅಜ್ಜಿಯ ಹತ್ತಿರ ಹೋಗಿ ಕ್ಷಮೆ ಕೇಳಿದೆ. ಗುರುಸ್ವಾಮಿ ಹೇಳಿದ್ದು ಇಷ್ಟೇ: "ತಮ್ಮಾ, ಬೆಟ್ಟದಲ್ಲಿ ಮೇಲಿರುವವನೇ ಕೆಳಗಿನವರ ತಲೆ ಕಾಯಬೇಕು."

ಕನ್ನಿಸ್ವಾಮಿಗಳೇ, ನಾನು ಕಲಿತದ್ದು:

1. ಹತ್ತುವವರಿಗೆ ಮೊದಲು ದಾರಿ ಬಿಡಿ. ಮಧ್ಯೆ ನಿಂತರೆ ಅವರ ಲಯ ತಪ್ಪುತ್ತದೆ.
2. ಅಡ್ಡದಾರಿ ಬೇಡ. ಸಡಿಲವಾದ ಮಣ್ಣು ಮಳೆಗೆ ಕೊಚ್ಚಿಹೋಗುತ್ತದೆ.
3. ಕಲ್ಲು ಜಾರಿದರೆ ನಾಚಿಕೆ ಬಿಟ್ಟು ಕೂಗಿ.
4. ಒಯ್ದ ಬಾಟಲಿ, ಕವರ್ ವಾಪಸ್ ತನ್ನಿ.

ಅಂದು ಶಿಫ್ಟ್‌ಗೆ ಅರ್ಧ ಗಂಟೆ ತಡವಾಯಿತು. ಅಷ್ಟೇ ತಾನೇ?

ಸ್ವಾಮಿಯೇ ಶರಣಮಯ್ಯಪ್ಪ.