ಕಾರಣಿಕದ ನುಡಿಯೂ ಮೊದಲ ಬಹುಮಾನವೂ

ಹೂವಿನಹಡಗಲಿ ತಾಲ್ಲೂಕಿನ ಮೈಲಾರದ ಕಾರಣಿಕವನ್ನು ನಮ್ಮ ಸೀಮೆಯ ವಾಚಕರಲ್ಲಿ ಕೇಳದವರು ಇರಲಾರರು. ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಗೊರವಯ್ಯನು ಎತ್ತರವಾದ ಬಿಲ್ಲನ್ನೇರಿ, ನೆರೆದ ಅಪಾರ ಜನಸ್ತೋಮವು ಉಸಿರು ಬಿಗಿಹಿಡಿದು ನಿಂತಿರಲು, ಒಂದೇ ಒಂದು ವಾಕ್ಯವನ್ನು ನುಡಿದು ಕೆಳಗೆ ಬೀಳುತ್ತಾನೆ. ಆ ವಾಕ್ಯಕ್ಕೆ ಮಳೆಯೆಂದೂ ಬೆಳೆಯೆಂದೂ ರಾಜಕೀಯವೆಂದೂ ಅರ್ಥ ಹಚ್ಚುವ ಕೆಲಸ ಆ ಕ್ಷಣದಿಂದಲೇ ಮೊದಲಾಗುತ್ತದೆ. ಸಂಜೆಯೊಳಗಾಗಿ ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಕೂಡ್ಲಿಗಿ, ಹರಪನಹಳ್ಳಿಗಳ ಚಹಾದ ಅಂಗಡಿಗಳಲ್ಲೆಲ್ಲ ಅದೇ ಮಾತು.

ಆ ನುಡಿ ನಿಜವಾಗುವುದೋ ಇಲ್ಲವೋ ಎಂಬ ವಿಚಾರವನ್ನು ಭಕ್ತರಿಗೆ ಬಿಡೋಣ. ವಿಜ್ಞಾನದ ವಿದ್ಯಾರ್ಥಿ ಕೇಳತಕ್ಕ ಪ್ರಶ್ನೆ ಬೇರೆಯದು. ಮುಂಚಿತವಾಗಿ ಆಡಿದ ಮಾತು ಮುಂದೆ ನಡೆಯುವ ಸಂಗತಿಯನ್ನೇ ಬದಲಿಸಬಲ್ಲದೆ? ಮಳೆಯ ಮೋಡಕ್ಕೆ ಕಿವಿಯಿಲ್ಲ. ನಾವು ಏನು ನುಡಿದರೂ ಅದು ತನ್ನ ಉಷ್ಣತೆ ಒತ್ತಡಗಳ ನಿಯಮದಂತೆಯೇ ನಡೆಯುವುದು. ಈರುಳ್ಳಿಯ ಬೆಲೆಗಾದರೋ ಕಿವಿ ಉಂಟು. ಈ ವರ್ಷ ಈರುಳ್ಳಿಗೆ ಒಳ್ಳೆಯ ಧಾರಣೆ ಎಂಬ ಮಾತು ಹಬ್ಬಿ, ಎಲ್ಲರೂ ಈರುಳ್ಳಿಯನ್ನೇ ಹಾಕಿದರೆ ಬೆಲೆ ಕುಸಿಯುತ್ತದೆ. ಆಗ ನುಡಿಯೇ ನುಡಿಯನ್ನು ಸುಳ್ಳು ಮಾಡಿತು. ಇದಕ್ಕೆ ವಿರುದ್ಧವಾಗಿ, ನುಡಿಯೇ ನುಡಿಯನ್ನು ನಿಜ ಮಾಡುವ ಪ್ರಸಂಗಗಳೂ ಉಂಟು. ಚಲಚ್ಚಿತ್ರಗಳ ಪಾರಿತೋಷಕಗಳು ಅಂತಹ ಪ್ರಸಂಗವೊಂದನ್ನು ಬಲು ಚೆನ್ನಾಗಿ ತೋರಿಸಿಕೊಡುತ್ತವೆ.

ಅಮೆರಿಕದ ಆಸ್ಕರ್ ಪಾರಿತೋಷಕಗಳನ್ನು ಕೊಡುವ ಅಕಾಡೆಮಿಯಲ್ಲಿ ಮತದಾನದ ಹಕ್ಕುಳ್ಳವರು ಒಂಬತ್ತು ಸಾವಿರಕ್ಕೂ ಹೆಚ್ಚು ಮಂದಿ. ವರ್ಷವೊಂದರಲ್ಲಿ ಸ್ಪರ್ಧೆಗೆ ಅರ್ಹವಾಗುವ ಚಿತ್ರಗಳು ಸುಮಾರು ಮುನ್ನೂರು. ಚಿತ್ರವೊಂದಕ್ಕೆ ಎರಡು ಗಂಟೆಯಂತೆ ಹಿಡಿದರೂ ಆರುನೂರು ಗಂಟೆಗಳಾದವು. ದಿನಕ್ಕೆರಡರಂತೆ ನೋಡಿದರೂ ಐದು ತಿಂಗಳು ಬೇಕು. ಯಾರೂ ಎಲ್ಲವನ್ನೂ ನೋಡಲಾರರೆಂಬುದು ಸ್ಪಷ್ಟ. ಹೀಗಿರುವಲ್ಲಿ, ಯಾವುದನ್ನು ನೋಡಬೇಕೆಂಬ ಮೊದಲ ಪ್ರಶ್ನೆಗೆ ಉತ್ತರ ಎಲ್ಲಿಂದ ಬರಬೇಕು? ೧೯೩೫ರಲ್ಲಿ ಸ್ಥಾಪನೆಯಾದ ನ್ಯೂಯಾರ್ಕ್ ಚಲಚ್ಚಿತ್ರ ವಿಮರ್ಶಕರ ಮಂಡಲಿ, ೧೯೭೫ರಲ್ಲಿ ಹುಟ್ಟಿದ ಲಾಸ್ ಏಂಜಲೀಸ್ ವಿಮರ್ಶಕರ ಸಂಘ ಮೊದಲಾದವು ಸಾಮಾನ್ಯವಾಗಿ ಡಿಸೆಂಬರ್ ತಿಂಗಳಲ್ಲಿಯೇ ತಮ್ಮ ಬಹುಮಾನಗಳನ್ನು ಸಾರಿಬಿಡುತ್ತವೆ. ಅಕಾಡೆಮಿಯ ನಾಮನಿರ್ದೇಶನವಾಗುವುದು ಅದಾದ ಮೇಲೆ, ಸಾಮಾನ್ಯವಾಗಿ ಜನವರಿಯಲ್ಲಿ. ಈ ನಡುವಣ ಕೆಲವು ವಾರಗಳಲ್ಲಿ ಬಹುಮಾನಿತ ಚಿತ್ರವು ಮತದಾರರ ಮೇಜಿನ ಮೇಲಿನ ರಾಶಿಯ ತಳದಿಂದ ತುದಿಗೆ ಬರುತ್ತದೆ. ವಿಮರ್ಶಕರ ತೀರ್ಪು ಮತದಾರರ ಅಭಿರುಚಿಯನ್ನು ತಿದ್ದುವುದು ಅಪರೂಪವೆಂದೇ ನನ್ನ ಎಣಿಕೆ. ಅದು ಅವರ ಕಣ್ಣನ್ನು ಒಂದು ಕಡೆಗೆ ತಿರುಗಿಸುತ್ತದೆ, ಅಷ್ಟೆ. ಆದರೆ ನೋಡದ ಚಿತ್ರಕ್ಕೆ ಮತ ಹಾಕುವವರು ಯಾರು?

ಮೊದಲಿಗರಾಗುವುದರಲ್ಲಿ ಇಷ್ಟು ಬಲವಿರುವುದರಿಂದಲೇ ಅದಕ್ಕಾಗಿ ಪೈಪೋಟಿಯೂ ನಡೆದಿದೆ. ೨೦೧೧ರಲ್ಲಿ ನ್ಯೂಯಾರ್ಕಿನ ಮಂಡಲಿಯು ತನ್ನ ಮತದಾನವನ್ನು ನವೆಂಬರ್ ತಿಂಗಳಿಗೆ ಹಿಂದೆಳೆದುಕೊಂಡು, ಅನ್ಯ ಸಂಸ್ಥೆಗಳಿಗಿಂತ ಮೊದಲೇ, ನವೆಂಬರ್ ೨೯ರಂದು, ‘ದಿ ಆರ್ಟಿಸ್ಟ್’ ಚಿತ್ರವನ್ನು ವರ್ಷದ ಶ್ರೇಷ್ಠ ಚಿತ್ರವೆಂದು ಸಾರಿತು. ಅದು ಫ್ರಾನ್ಸ್ ದೇಶದವರು ತೆಗೆದ, ಬಣ್ಣವಿಲ್ಲದ, ಹೆಚ್ಚುಕಡಮೆ ಮಾತೂ ಇಲ್ಲದ ಚಿತ್ರ. ೨೦೧೨ರ ಫೆಬ್ರವರಿಯಲ್ಲಿ ಆಸ್ಕರ್ ಸಹ ಅದಕ್ಕೇ ಸಂದಿತು. ಹಾಗಾದರೆ ನವೆಂಬರಿನ ಬಹುಮಾನವೇ ಫೆಬ್ರವರಿಯ ಬಹುಮಾನಕ್ಕೆ ಕಾರಣವೆ? ಅವಸರಪಡಬಾರದು. ಚಿತ್ರ ಸ್ವತಃ ಒಳ್ಳೆಯದಾದುದರಿಂದ ಇಬ್ಬರೂ ಅದನ್ನೇ ಆರಿಸಿದರೆಂದೂ ವಾದಿಸಬಹುದು. ಲೋಕದ ಇತಿಹಾಸ ಒಂದೇ ಸಲ ನಡೆಯುತ್ತದೆ. ಆ ಬಹುಮಾನವಿಲ್ಲದೆ ಅದೇ ಚಳಿಗಾಲವನ್ನು ಇನ್ನೊಮ್ಮೆ ನಡೆಸಿ ನೋಡಲು ಬರುವುದಿಲ್ಲ.

ಪ್ರಯೋಗಶಾಲೆಯಲ್ಲಾದರೋ ಬರುತ್ತದೆ. ಸಾಲ್ಗನಿಕ್, ಡಾಡ್ಸ್, ವಾಟ್ಸ್ ಎಂಬ ಮೂವರು ಸಂಶೋಧಕರು ೨೦೦೬ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ೧೪,೩೪೧ ಮಂದಿ ಭಾಗವಹಿಸಿದರು. ಯಾರೂ ಕೇಳರಿಯದ ವಾದ್ಯಗೋಷ್ಠಿಗಳ ೪೮ ಹಾಡುಗಳನ್ನು ಅವರ ಮುಂದಿಡಲಾಯಿತು. ಕೆಲವರು ಯಾರ ಅಭಿಪ್ರಾಯವನ್ನೂ ಕಾಣದೆ ತಾವೇ ಕೇಳಿ ಆರಿಸಿಕೊಳ್ಳಬೇಕು. ಉಳಿದವರನ್ನು ಎಂಟು ಪ್ರತ್ಯೇಕ ‘ಲೋಕ’ಗಳಾಗಿ ಹಂಚಿ, ತಮ್ಮ ಲೋಕದಲ್ಲಿ ಯಾವ ಹಾಡನ್ನು ಎಷ್ಟು ಮಂದಿ ಆರಿಸಿಕೊಂಡಿದ್ದಾರೆಂಬ ಲೆಕ್ಕ ಮಾತ್ರ ಅವರಿಗೆ ಕಾಣುವಂತೆ ಮಾಡಲಾಯಿತು. ಎಂಟೂ ಲೋಕಗಳು ಸೊನ್ನೆಯಿಂದ ಆರಂಭವಾದವು, ಹಾಡುಗಳೂ ಅವೇ. ಆದರೂ ಫಲಿತಾಂಶಗಳು ಒಂದಕ್ಕೊಂದು ಹೊಂದಲಿಲ್ಲ. ತಾವೇ ಆರಿಸಿಕೊಂಡವರ ಗುಂಪಿನಲ್ಲಿ ೨೬ನೆಯದಾಗಿದ್ದ ಹಾಡೊಂದು ಒಂದು ಲೋಕದಲ್ಲಿ ಮೊದಲನೆಯದಾಯಿತು, ಇನ್ನೊಂದರಲ್ಲಿ ೪೦ನೆಯದಾಯಿತು. ಅತ್ಯುತ್ತಮವಾದವು ತೀರ ಕೆಳಕ್ಕೆ ಬೀಳುವುದೂ ಅತಿ ಕಳಪೆಯವು ತೀರ ಮೇಲಕ್ಕೇರುವುದೂ ಅಪೂರ್ವವಾಗಿತ್ತು. ಮಿಕ್ಕ ಹಾಡುಗಳಿಗೆ ಏನು ಬೇಕಾದರೂ ಆಗಬಹುದಾಗಿತ್ತು.

ಇದರ ಗಣಿತವನ್ನು ವಿದ್ಯಾರ್ಥಿಗಳು ಮನೆಯಲ್ಲಿಯೇ ಮಾಡಿ ನೋಡಬಹುದು. ಹಂಗೇರಿಯ ಗಣಿತಜ್ಞ ಜಾರ್ಜ್ ಪೋಲ್ಯನ ಹೆಸರಿನಿಂದ ಪ್ರಸಿದ್ಧವಾದ ಪ್ರಯೋಗವಿದು. ಒಂದು ಹಿಡಿ ಮೆಕ್ಕೆಜೋಳದ ಕಾಳುಗಳನ್ನು ತೆಗೆದುಕೊಂಡು ಅರ್ಧಕ್ಕೆ ಕೆಂಪು ಶಾಯಿ ಬಳಿದು ಒಣಗಿಸಿರಿ. ಚೀಲವೊಂದರಲ್ಲಿ ಒಂದು ಕೆಂಪು, ಒಂದು ಹಳದಿ ಕಾಳನ್ನು ಹಾಕಿ, ನೋಡದೆ ಒಂದನ್ನು ತೆಗೆಯಿರಿ. ತೆಗೆದುದನ್ನು ಅದೇ ಬಣ್ಣದ ಇನ್ನೊಂದು ಕಾಳಿನೊಡನೆ ಮರಳಿ ಚೀಲಕ್ಕೆ ಹಾಕಿರಿ. ಹೀಗೆಯೇ ಮುಂದುವರಿಸಿರಿ. ಮೂರು ಸಲವೂ ಕೆಂಪೇ ಬರುವ ಸಂಭಾವ್ಯತೆ ೧/೨ × ೨/೩ × ೩/೪, ಎಂದರೆ ೧/೪. ನಾಣ್ಯ ಚಿಮ್ಮಿದರೆ ಮೂರು ಸಲವೂ ರಾಜಮುಖವೇ ಬೀಳುವ ಸಂಭಾವ್ಯತೆ ೧/೮ ಮಾತ್ರ. ಇಲ್ಲಿ ಅದರ ಎರಡರಷ್ಟು! ನೂರು ಕಾಳುಗಳಾಗುವವರೆಗೆ ನಡೆಸಿದರೆ, ಕೆಂಪು ಕಾಳುಗಳ ಸಂಖ್ಯೆ ೧ರಿಂದ ೯೯ರವರೆಗೆ ಯಾವುದಾದರೂ ಆಗಬಹುದು, ಮತ್ತು ಎಲ್ಲ ಸಂಖ್ಯೆಗಳ ಸಂಭಾವ್ಯತೆಯೂ ಸಮವಾಗಿರುತ್ತದೆ. ಐದಾರು ಮಂದಿ ಸ್ನೇಹಿತರು ಒಂದೊಂದು ಚೀಲ ಹಿಡಿದು ಮಾಡಿದರೆ ಇದರ ಸ್ವಾರಸ್ಯ ತಿಳಿಯುತ್ತದೆ. ಪ್ರತಿಯೊಂದು ಚೀಲವೂ ಬೇರೆ ಬೇರೆ ಪ್ರಮಾಣದಲ್ಲಿ ನೆಲೆಗೊಳ್ಳುತ್ತದೆ, ನೆಲೆಗೊಂಡ ಮೇಲೆ ಅಲ್ಲಿಂದ ಕದಲುವುದು ಕಷ್ಟ.

ಗಮನಿಸಬೇಕಾದ ಅಂಶ ಇದು: ಮೊದಲನೆಯ ಕಾಳು ಕೆಂಪಿನ ಪ್ರಮಾಣವನ್ನು ಅರ್ಧದಿಂದ ಒಮ್ಮೆಗೇ ಮೂರರಲ್ಲೆರಡಕ್ಕೆ ಏರಿಸುತ್ತದೆ. ಐವತ್ತು ಕಾಳುಗಳಲ್ಲಿ ಇಪ್ಪತ್ತೈದು ಕೆಂಪಾಗಿರುವಾಗ ಸೇರಿದ ಒಂದು ಕಾಳಾದರೋ ಪ್ರಮಾಣವನ್ನು ನೂರಕ್ಕೆ ಒಂದರಷ್ಟು ಮಾತ್ರ ಸರಿಸುತ್ತದೆ. ಕಾಳು ಅದೇ, ಬಣ್ಣವೂ ಅದೇ. ಭೇದವೆಲ್ಲ ಬಂದ ಹೊತ್ತಿನಲ್ಲಿದೆ. ಡಿಸೆಂಬರಿನ ಬಹುಮಾನಕ್ಕೂ ಫೆಬ್ರವರಿಯ ಬಹುಮಾನಕ್ಕೂ ಇರುವ ವ್ಯತ್ಯಾಸವೂ ಇಂತಹದೇ. ಚಿತ್ರದ ಸ್ವಂತ ಗುಣವನ್ನು ಈ ಲೆಕ್ಕದಲ್ಲಿ ಸೇರಿಸುವುದಾದರೆ, ಆರಂಭದಲ್ಲಿಯೇ ಅದರ ಪರವಾಗಿ ಚೀಲದಲ್ಲಿರುವ ಕಾಳುಗಳೆಂದು ತಿಳಿಯಬಹುದು.

ನನ್ನ ತರಗತಿಯಲ್ಲಿಯೂ ಇದನ್ನು ಕಂಡಿದ್ದೇನೆ. ಮೇಲಕ್ಕೆಸೆದ ಕಲ್ಲು ತನ್ನ ಅತ್ಯುನ್ನತ ಸ್ಥಾನವನ್ನು ಮುಟ್ಟಿದ ಕ್ಷಣದಲ್ಲಿ ಅದರ ವೇಗೋತ್ಕರ್ಷ ಸೊನ್ನೆಯೆ ಎಂದು ಕೇಳಿ, ಹೌದೆನ್ನುವವರು ಕೈಯೆತ್ತಿರೆಂದೆ. ಜಾಣನೆಂದು ಹೆಸರಾದ ಹುಡುಗನೊಬ್ಬ ಕೈಯೆತ್ತಿದ. ಮರುಕ್ಷಣವೇ ಕೈಗಳ ಕಾಡು. ಮತ್ತೊಂದು ತರಗತಿಯಲ್ಲಿ ಅದೇ ಪ್ರಶ್ನೆಗೆ ಉತ್ತರವನ್ನು ಚೀಟಿಯಲ್ಲಿ ಬರೆಸಿದಾಗ, ಗುರುತ್ವದ ವೇಗೋತ್ಕರ್ಷ ಆಗಲೂ ಇದ್ದೇ ಇರುತ್ತದೆಂದು ಸರಿಯಾಗಿ ಬರೆದವರು ಅನೇಕರಿದ್ದರು. ಮೊದಲ ತರಗತಿಯಲ್ಲಿಯೂ ಅಂತಹವರಿದ್ದಿರಬೇಕು. ಅವರ ಕೈ ಮೇಲಿತ್ತು.

ಆದರೆ ಪೋಲ್ಯನ ಚೀಲದ ಹೋಲಿಕೆಗೂ ಒಂದು ಮಿತಿಯುಂಟು. ‘ದಿ ಸೋಷಿಯಲ್ ನೆಟ್‌ವರ್ಕ್’ ಚಿತ್ರವು ೨೦೧೦ರ ಸಾಲಿನಲ್ಲಿ ನ್ಯೂಯಾರ್ಕ್, ಲಾಸ್ ಏಂಜಲೀಸ್ ಸಂಘಗಳೆರಡರಿಂದಲೂ, ರಾಷ್ಟ್ರೀಯ ವಿಮರ್ಶಕರ ಸಂಘದಿಂದಲೂ ಶ್ರೇಷ್ಠವೆನಿಸಿಕೊಂಡಿತು. ಆಸ್ಕರ್ ಮಾತ್ರ ‘ದಿ ಕಿಂಗ್ಸ್ ಸ್ಪೀಚ್’ಗೆ ಹೋಯಿತು. ವಿಮರ್ಶಕರು ಬೇರೆ, ಅಕಾಡೆಮಿಯ ಮತದಾರರು ಬೇರೆ. ನಟರು, ನಿರ್ಮಾಪಕರು, ತಂತ್ರಜ್ಞರೇ ತುಂಬಿರುವ ಆ ಸಭೆಯಲ್ಲಿ ಶ್ರೇಷ್ಠ ಚಿತ್ರವನ್ನು ಆಯಲು ೨೦೦೯ರ ಸಾಲಿನ ಚಿತ್ರಗಳಿಂದ ಮೊದಲುಗೊಂಡು ಆದ್ಯತಾಕ್ರಮದ ಮತಪದ್ಧತಿ ಜಾರಿಯಲ್ಲಿದೆ. ಅದರಲ್ಲಿ ಕೆಲವರು ಪ್ರಾಣವಿಟ್ಟು ಮೆಚ್ಚಿದ ಚಿತ್ರಕ್ಕಿಂತ ಬಹುಮಂದಿ ಎರಡನೆಯದಾಗಿ, ಮೂರನೆಯದಾಗಿ ಬರೆದ ಚಿತ್ರ ಗೆಲ್ಲುವುದು ಸಾಧ್ಯ.

ನಮ್ಮ ನೆರೆಯ ರಾಯಚೂರು ಜಿಲ್ಲೆಯಲ್ಲಿ ಜನಿಸಿದ ಎಸ್. ಎಸ್. ರಾಜಮೌಳಿಯವರ ತೆಲುಗು ಚಿತ್ರ ‘ಆರ್‌ಆರ್‌ಆರ್’ ಇನ್ನೊಂದು ಪಾಠ ಹೇಳುತ್ತದೆ. ಭಾರತದ ಅಧಿಕೃತ ಪ್ರವೇಶಚಿತ್ರವಾಗಿ ಅದು ಆಯ್ಕೆಯಾಗಿರಲಿಲ್ಲ. ೨೦೨೨ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ವಿಮರ್ಶಕರು ಅವರನ್ನು ಶ್ರೇಷ್ಠ ನಿರ್ದೇಶಕರೆಂದರು; ಲಾಸ್ ಏಂಜಲೀಸಿನವರು ಎಂ. ಎಂ. ಕೀರವಾಣಿಯವರ ಸಂಗೀತಕ್ಕೆ ಬಹುಮಾನವಿತ್ತರು. ೨೦೨೩ರ ಜನವರಿಯಲ್ಲಿ ‘ನಾಟು ನಾಟು’ ಹಾಡಿಗೆ ಗೋಲ್ಡನ್ ಗ್ಲೋಬ್, ಮಾರ್ಚಿಯಲ್ಲಿ ಆಸ್ಕರ್. ವಿಚಿತ್ರವೆಂದರೆ ನಿರ್ದೇಶನಕ್ಕೆ ನಾಮನಿರ್ದೇಶನವೂ ದೊರೆಯಲಿಲ್ಲ. ತಳ್ಳಿದ ದಿಕ್ಕು ಒಂದು, ವಸ್ತು ಚಲಿಸಿದ ದಿಕ್ಕು ಇನ್ನೊಂದು. ಪಾಯಲ್ ಕಪಾಡಿಯಾ ಅವರ ‘ಆಲ್ ವಿ ಇಮ್ಯಾಜಿನ್ ಆ್ಯಸ್ ಲೈಟ್’ ಚಿತ್ರಕ್ಕಾದರೋ ಈ ಅದೃಷ್ಟವೂ ಇರಲಿಲ್ಲ. ೨೦೨೪ರ ಮೇ ತಿಂಗಳಲ್ಲಿ ಕಾನ್ ಉತ್ಸವದ ಗ್ರ್ಯಾಂಡ್ ಪ್ರಿ, ಡಿಸೆಂಬರಿನಲ್ಲಿ ನ್ಯೂಯಾರ್ಕ್ ಮತ್ತು ಲಾಸ್ ಏಂಜಲೀಸ್ ವಿಮರ್ಶಕರ ಅನ್ಯಭಾಷಾ ಚಿತ್ರ ಬಹುಮಾನಗಳು ಬಂದವು. ಆದರೆ ಭಾರತದ ಆಯ್ಕೆ ಸಮಿತಿ ಸೆಪ್ಟೆಂಬರಿನಲ್ಲಿಯೇ ‘ಲಾಪತಾ ಲೇಡೀಸ್’ ಚಿತ್ರವನ್ನು ಆರಿಸಿಬಿಟ್ಟಿತ್ತು. ಅನ್ಯಭಾಷಾ ವಿಭಾಗದ ಬಾಗಿಲು ಮುಚ್ಚಿದ ಮೇಲೆ ಬಿದ್ದ ಕಾಳುಗಳು ಅವು. ಬೇರೆ ವಿಭಾಗಗಳ ಬಾಗಿಲು ತೆರೆದಿದ್ದರೂ ಅಲ್ಲಿ ಅದರ ಹೆಸರು ಬರಲಿಲ್ಲ.

ಕನ್ನಡದಲ್ಲಿ ಇದಕ್ಕೆ ಹತ್ತಿರದ ಉದಾಹರಣೆ ರಾಮ್ ರೆಡ್ಡಿಯವರ ‘ತಿಥಿ’. ಅದಕ್ಕೆ ಸಂದುದು ವಿಮರ್ಶಕರ ಬಹುಮಾನವಲ್ಲ, ಉತ್ಸವದ ತೀರ್ಪುಗಾರರದು; ಕ್ರಮ ಮಾತ್ರ ಅದೇ. ಮಂಡ್ಯ ಜಿಲ್ಲೆಯ ಹಳ್ಳಿಯೊಂದರಲ್ಲಿ, ಹಿಂದೆಂದೂ ಬಣ್ಣ ಹಚ್ಚದ ಹಳ್ಳಿಗರಿಂದಲೇ ಮಾಡಿಸಿದ ಆ ಚಿತ್ರಕ್ಕೆ ೨೦೧೫ರ ಆಗಸ್ಟಿನಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊದಲ್ಲಿ ಎರಡು ಬಹುಮಾನಗಳು ಬಂದವು. ೨೦೧೬ರ ಮಾರ್ಚಿಯಲ್ಲಿ ಶ್ರೇಷ್ಠ ಕನ್ನಡ ಚಿತ್ರವೆಂಬ ರಾಷ್ಟ್ರಪ್ರಶಸ್ತಿ. ಕನ್ನಡನಾಡಿನ ಚಿತ್ರಮಂದಿರಗಳಿಗೆ ಅದು ಬಂದುದು ಆ ಮೇ ತಿಂಗಳಲ್ಲಿ. ‘ಸೆಂಚುರಿ ಗೌಡ’ನನ್ನು ನಾವು ಕಾಣುವ ಮೊದಲೇ ಅವನ ಕೀರ್ತಿಯನ್ನು ಕೇಳಿದ್ದೆವು. ನಕ್ಷತ್ರಗಳಿಲ್ಲದ ಅಂತಹ ಚಿತ್ರವನ್ನು ಬಹುಮಾನದ ಸುದ್ದಿಯಿಲ್ಲದೆ ಎಷ್ಟು ಮಂದಿ ಹುಡುಕಿಕೊಂಡು ಹೋಗುತ್ತಿದ್ದರು? ಅದೇ ವರ್ಷ ಅಷ್ಟೇ ಯೋಗ್ಯವಾದ ಮತ್ತೊಂದು ಚಿತ್ರ, ಲೊಕಾರ್ನೊವರೆಗೆ ಹೋಗಲು ಹಣವಿಲ್ಲದೆ, ಡಬ್ಬಿಯಲ್ಲಿಯೇ ಉಳಿದಿರಲಿಲ್ಲವೆಂದು ಹೇಗೆ ಹೇಳುವುದು?

೨೦೨೫ರ ಏಪ್ರಿಲಿನಲ್ಲಿ ಅಕಾಡೆಮಿಯು ಒಂದು ನಿಯಮವನ್ನು ತಂದಿತು. ಕೊನೆಯ ಸುತ್ತಿನಲ್ಲಿ ಯಾವ ವಿಭಾಗದಲ್ಲಿ ಮತ ಹಾಕಬೇಕೋ ಆ ವಿಭಾಗದ ನಾಮನಿರ್ದೇಶಿತ ಚಿತ್ರಗಳೆಲ್ಲವನ್ನೂ ಸದಸ್ಯರು ನೋಡಿರತಕ್ಕದ್ದು. ಅದುವರೆಗೆ ಸಾಮಾನ್ಯ ವಿಭಾಗಗಳಲ್ಲಿ ಹೀಗೊಂದು ಕಟ್ಟು ಇರಲಿಲ್ಲವೆಂಬುದೇ ಸೋಜಿಗ. ಆದರೆ ನಿಯಮ ಹಿಡಿಯುವುದು ಕೊನೆಯ ಸುತ್ತನ್ನು ಮಾತ್ರ. ಮುನ್ನೂರು ಚಿತ್ರಗಳಲ್ಲಿ ಯಾವ ಹತ್ತು ಅಲ್ಲಿಯವರೆಗೆ ಬರಬೇಕೆಂಬುದು ಇಂದಿಗೂ ಡಿಸೆಂಬರ್, ಜನವರಿಗಳಲ್ಲಿಯೇ, ಎಲ್ಲವನ್ನೂ ನೋಡಿರದ ಮತದಾರರಿಂದಲೇ ತೀರ್ಮಾನವಾಗುತ್ತದೆ.