ಕೀಮೋ ಬಿಲ್ಲಿನಾಚೆಯ ಖರ್ಚು

ಕ್ಯಾನ್ಸರ್ ಚಿಕಿತ್ಸೆಯ ಖರ್ಚನ್ನು ಒಂದೇ ಇಡಿಗಂಟಾಗಿ ಎಣಿಸುವ ಕುಟುಂಬಗಳು ಹಣ ಹೊಂದಿಸುವಾಗ ಎಡವುತ್ತವೆ, ಏಕೆಂದರೆ ಈ ಖರ್ಚು ತಿಂಗಳುಗಟ್ಟಲೆ ಕಂತುಕಂತಾಗಿ ಬರುತ್ತದೆ ಮತ್ತು ಕಂತಿನ ದಿನಾಂಕ ರೋಗಿಯ ರಕ್ತಪರೀಕ್ಷೆಯನ್ನು ಅವಲಂಬಿಸಿರುತ್ತದೆ. ವೇಗವಾಗಿ ವಿಭಜನೆಯಾಗುವ ಜೀವಕೋಶಗಳನ್ನು ಕೊಲ್ಲುವ ಕೀಮೋ ಔಷಧಗಳು ಅಸ್ಥಿಮಜ್ಜೆಯನ್ನೂ ಬಾಧಿಸುವುದರಿಂದ, ಸೋಂಕನ್ನು ತಡೆಯುವ ಬಿಳಿ ರಕ್ತಕಣಗಳು ಕುಸಿಯುತ್ತವೆ. ಸ್ತನ ಕ್ಯಾನ್ಸರಿನ ಹಲವು ಔಷಧಗಳನ್ನು 21 ದಿನಗಳಿಗೊಂದು ಸುತ್ತಿನಂತೆ, ಅಂದರೆ ಸೈಕಲ್‌ನಂತೆ, ಕೊಡುವುದು ಆ ಕಣಗಳು ಚೇತರಿಸಿಕೊಳ್ಳಲೆಂದೇ. ಅಷ್ಟರಲ್ಲಿ ಅವು ಚೇತರಿಸದಿದ್ದರೆ, ವಾರ್ಡಿನ ಮಾತಿನಲ್ಲಿ ‘ಕೌಂಟ್ ಬಿದ್ದಿದ್ದರೆ’, ಅಂದಿನ ಕೀಮೋ ಮುಂದಕ್ಕೆ ಹೋಗುತ್ತದೆ.

ಈ ಅಂಕಣಕಾರರ ತಾಯಿಯ ಚಿಕಿತ್ಸೆಯಲ್ಲಿ ಹಾಗೆ ಮುಂದೂಡಿದ ಎರಡು ಸೈಕಲ್‌ಗಳಿಂದ ಬೆಂಗಳೂರಿನ ಬಾಡಿಗೆ ಕೋಣೆಯ ವಾಸ ಬೆಳೆಯಿತು, ಜೊತೆಗಿದ್ದವರ ಸಂಬಳ ಕಡಿತವಾಯಿತು, ಕಣಗಳನ್ನು ಹೆಚ್ಚಿಸುವ ಚುಚ್ಚುಮದ್ದು ಬೇಕಾಯಿತು. ಮೊದಲು ಬರೆದಿಟ್ಟ ಅಂದಾಜುಪಟ್ಟಿಯಲ್ಲಿ ಇವು ಯಾವುವೂ ಇರಲಿಲ್ಲ.

ಕೀಮೋ ಪಡೆದು ಅಂದೇ ಮನೆಗೆ ಮರಳುವ ಡೇ ಕೇರ್ ಚಿಕಿತ್ಸೆಯನ್ನು ಆರೋಗ್ಯ ವಿಮೆ 24 ಗಂಟೆಗಳ ದಾಖಲಾತಿಯಿಲ್ಲದೆಯೂ ಭರಿಸುತ್ತದೆ. ತೊಡಕು ಅದಕ್ಕಿಂತ ಮುಂಚಿನದು: ಬಯಾಪ್ಸಿ, ಅಂದರೆ ಗಂಟಿನ ತುಣುಕು ತೆಗೆದು ನೋಡುವ ಪರೀಕ್ಷೆ, ಮತ್ತು ಸ್ಕ್ಯಾನುಗಳು ದಾಖಲಾತಿಗೂ ಮೊದಲೇ ನಡೆಯುತ್ತವೆ, ಹಾಗೂ ಅವುಗಳ ಹಣವನ್ನು ಪಾಲಿಸಿ ಹೇಳಿದ ಅವಧಿಯೊಳಗೆ, ಸಾಮಾನ್ಯವಾಗಿ 30 ಅಥವಾ 60 ದಿನಗಳಷ್ಟು ಹಿಂದಿನವರೆಗೆ, ಮೂಲ ರಸೀದಿ ಕೊಟ್ಟು ಪಡೆಯಬೇಕು. ತಾಯಿಯ ಫೈಲಿನಲ್ಲಿದ್ದ ಮೊದಲ ಸ್ಕ್ಯಾನಿನ ರಸೀದಿ ನುಣುಪಾದ ಥರ್ಮಲ್ ಕಾಗದದ್ದು; ಪ್ಲಾಸ್ಟಿಕ್ ಕವರಿನೊಳಗೇ ಅಕ್ಷರ ಮಾಸಿ, ಮೊತ್ತದ ಜಾಗದಲ್ಲಿ ಬೂದು ಕಲೆಯಷ್ಟೇ ಉಳಿದಿತ್ತು, ವಿಮಾ ಕಂಪನಿ ಅದನ್ನು ಒಪ್ಪಲಿಲ್ಲ. ಅಂಥ ರಸೀದಿಯನ್ನು ಪಡೆದ ದಿನವೇ ಜೆರಾಕ್ಸ್ ಮಾಡಿಸಿ ಇಡುವುದು ಅನಿವಾರ್ಯ.

2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯನ್ನು ಭರಿಸುತ್ತದೆ. ಈ ನೆರವಿಲ್ಲದಿದ್ದರೆ ಎಷ್ಟೋ ಮನೆಗಳು ಚಿಕಿತ್ಸೆಯನ್ನು ಅರ್ಧಕ್ಕೇ ಬಿಡಬೇಕಾಗುತ್ತಿತ್ತು. ಆದರೆ ಆಸ್ಪತ್ರೆಯ ಹೊರಗಿನ ಊಟ, ವಸತಿ, ಕಳೆದುಹೋದ ಕೂಲಿ ಅದರ ಲೆಕ್ಕಕ್ಕೆ ಬರುವುದಿಲ್ಲ. ಪ್ರಯಾಣಕ್ಕೆ ಮಾತ್ರ ಹೆಚ್ಚಿನವರ ಗಮನಕ್ಕೆ ಬಾರದ ಒಂದು ದಾರಿಯಿದೆ: ಚಿಕಿತ್ಸೆಗೆಂದು ರೈಲಿನಲ್ಲಿ ಹೋಗುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ದರ್ಜೆಯಲ್ಲಿ ಪೂರ್ಣ, ಜೊತೆಯವರೊಬ್ಬರಿಗೆ ಶೇ 75ರಷ್ಟು ರಿಯಾಯಿತಿ ಇದ್ದು, ಅದರ ಪ್ರಮಾಣಪತ್ರವನ್ನು ಆಸ್ಪತ್ರೆಯೇ ನೀಡುತ್ತದೆ. ಅಂಕಣಕಾರರ ಮನೆಗೆ ಅದು ತಿಳಿದದ್ದು ಐದನೆಯ ಸೈಕಲ್‌ನ ದಿನ, ಪಕ್ಕದ ಹಾಸಿಗೆಯ ರೋಗಿಯ ಮಗಳಿಂದ.