ದಣಿದ ಕಾಲಿನ ಓಟ

ಓಡಬಲ್ಲವರಿಗೆ ಭಾರ ಹೊರುವುದು ಕಷ್ಟ. ಭಾರ ಹೊರಬಲ್ಲವರಿಗೆ ದೂರ ಓಡುವುದು ಕಷ್ಟ. ಈ ಎರಡು ಸಾಮರ್ಥ್ಯಗಳನ್ನೂ ಒಟ್ಟಿಗೆ ಬೇಡುವ ಸ್ಪರ್ಧೆಯೇ ಹೈರಾಕ್ಸ್. 2017ರಲ್ಲಿ ಜರ್ಮನಿಯ ಹ್ಯಾಂಬರ್ಗ್ ನಗರದಲ್ಲಿ ಆರಂಭವಾದ ಇದು 2025ರಲ್ಲಿ ಮುಂಬಯಿಗೂ ಬಂದಿತು. ಒಂದೊಂದು ಕಿಲೋಮೀಟರಿನಂತೆ 8 ಸಲ ಓಡಬೇಕು. ಪ್ರತಿ ಓಟದ ಬಳಿಕವೂ ಒಂದೊಂದು ಕಸರತ್ತು. ಭಾರ ಹೇರಿದ, ಗಾಲಿಯಿಲ್ಲದ ಬಂಡಿಯನ್ನು 50 ಮೀಟರು ತಳ್ಳುವುದು ಅವುಗಳಲ್ಲೊಂದು. ತೂಕದ ಚೆಂಡನ್ನು ಎತ್ತರದ ಗುರಿಗೆ ಮತ್ತೆ ಮತ್ತೆ ಎಸೆಯುವುದು ಕೊನೆಯದು.

ಸ್ಪರ್ಧಿಗಳಲ್ಲಿ ಬಹುಮಂದಿ ವೃತ್ತಿಪರ ಕ್ರೀಡಾಪಟುಗಳಲ್ಲ. ದುಡಿಮೆಯ ನಡುವೆ ಬಿಡುವು ಮಾಡಿಕೊಂಡು ಅಭ್ಯಾಸ ಮಾಡುವವರು. ಬಂಡಿ ತಳ್ಳಿದೊಡನೆ ತೊಡೆಗಳು ಕಲ್ಲಾಗುತ್ತವೆ. ಆ ಕಾಲುಗಳಿಂದಲೇ ಓಡುವುದನ್ನು ಅವರು ತಿಂಗಳುಗಟ್ಟಲೆ ರೂಢಿಸಿಕೊಳ್ಳುತ್ತಾರೆ. ಮೊದಲ ಓಟದಲ್ಲಿಯೇ ವೇಗಕ್ಕೆ ಮರುಳಾದವರು ನಡುದಾರಿಯಲ್ಲಿ ಬಸವಳಿಯುತ್ತಾರೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಹಿರಿಯರ ಮಾತು ಇಲ್ಲಿಯೂ ಸಲ್ಲುತ್ತದೆ. ಶಕ್ತಿಯನ್ನು ಗಳಿಸುವುದು ಅರ್ಧ ಸಾಧನೆ. ಕೊನೆಯ ಎಸೆತದವರೆಗೆ ಅದನ್ನು ಉಳಿಸಿಕೊಳ್ಳುವುದು ಉಳಿದರ್ಧ.